ಸ್ಪ್ಯಾನಿಷ್‌ನ 'ಮೆ ಲೆವಂತಾರ': ರಿಫ್ಲೆಕ್ಸಿವ್ ಕ್ರಿಯಾಪದ ಇಂಪರ್ಫೆಕ್ಟ್ ಸಬ್‌ಜಂಕ್ಟಿವ್‌ಗೆ ಹೋದಾಗ

(ಮಧ್ಯಮ ಹಂತದ ಸ್ಪ್ಯಾನಿಷ್ ಕಲಿಯುವವರಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಒಂದು ವಾಕ್ಯದಿಂದ ಶುರು ಮಾಡೋಣ. 'ಮಿ ಮಾದ್ರೆ ಕೆರೀಅ ಕೆ ಮೆ ಲೆವಂತಾರ ತೆಂಪ್ರಾನೊ.' ನಾನು ಬೇಗ ಏಳಲಿ ಅಂತ ಅಮ್ಮನಿಗೆ ಆಸೆ ಇತ್ತು ಎಂದರ್ಥ. ಕನ್ನಡದಲ್ಲಿ 'ಏಳಲಿ' ಅನ್ನುವ ಒಂದೇ ರೂಪದಲ್ಲಿ ಕೆಲಸ ಮುಗಿಯಿತು. ನಾನು ಏಳಲಿ, ನೀನು ಏಳಲಿ, ಅವರು ಏಳಲಿ; ಆಸೆ ಈಗ ಇದ್ದರೂ 'ಏಳಲಿ', ಹಿಂದೆ ಇದ್ದರೂ 'ಏಳಲಿ'. ಸ್ಪ್ಯಾನಿಷ್‌ನಲ್ಲಿ ಇಷ್ಟಕ್ಕೆ ಬಿಡುವುದಿಲ್ಲ. ಏಳಬೇಕಾದವರು ಯಾರು ಅನ್ನುವುದು ಎರಡು ಕಡೆ ಗುರುತಾಗಬೇಕು: ಮುಂದೆ ನಿಂತ 'ಮೆ'ಯಲ್ಲಿ ಒಮ್ಮೆ, ಕ್ರಿಯಾಪದದ ಬಾಲದಲ್ಲಿ ಇನ್ನೊಮ್ಮೆ. ಆಸೆ ಯಾವ ಕಾಲದ್ದು ಅನ್ನುವುದೂ ಅದೇ ಬಾಲದಲ್ಲಿ ಕಾಣಬೇಕು. ಇವತ್ತಿನ ಆಸೆಯಾದರೆ 'ಮೆ ಲೆವಾಂತೆ', ಹಿಂದಿನದಾದರೆ 'ಮೆ ಲೆವಂತಾರ'. ಆಸೆ, ಅನುಮಾನದಂಥವುಗಳಿಗೆ ಬಳಸುವ ಈ ಬಗೆಯ ಕ್ರಿಯಾರೂಪಕ್ಕೆ ಸಬ್‌ಜಂಕ್ಟಿವ್ ಎಂದು ಹೆಸರು; ಅದರ ಹಿಂದಿನ ಕಾಲದ ರೂಪವಾದ 'ಲೆವಂತಾರ'ವೇ ಇಂಪರ್ಫೆಕ್ಟ್ ಸಬ್‌ಜಂಕ್ಟಿವ್. 'ಮೆ'ಯಂಥ ಸರ್ವನಾಮ ಹಿಡಿದು ಕರ್ತೃವಿನ ಕಡೆಗೇ ಮರಳುವ ಕ್ರಿಯಾಪದ ರಿಫ್ಲೆಕ್ಸಿವ್. ಕನ್ನಡ ಮನಸ್ಸಿಗೆ ಈ ಪಾಠ ತೊಡಕಾಗುವುದು ಇದೇ ಕಾರಣಕ್ಕೆ. ರೂಪಗಳು ಕಷ್ಟ ಅಂತಲ್ಲ, ಎರಡು ಕಡೆ ಒಟ್ಟಿಗೆ ಗಮನ ಇಡುವ ಅಭ್ಯಾಸ ನಮಗೆ ಇಲ್ಲ ಅಂತ.

ಬರವಣಿಗೆಯ ಬಗ್ಗೆ ಒಂದು ಮಾತು ಮೊದಲೇ ಹೇಳಬೇಕು. ಇಲ್ಲಿ ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಒತ್ತು ಬೀಳುವ ಸ್ವರವನ್ನು ದೀರ್ಘವಾಗಿಯೂ ಉಳಿದವನ್ನು ಹ್ರಸ್ವವಾಗಿಯೂ ಬರೆದಿದೆ. 'ಲೆವಂತಾರ' ಎಂದರೆ ಒತ್ತು 'ತಾ' ಮೇಲೆ; 'ಲೆವಂತರಾ' ಎಂದರೆ ಕೊನೆಯ 'ರಾ' ಮೇಲೆ. ಎರಡರ ಅರ್ಥ ಬೇರೆ ಬೇರೆ, ಅದಕ್ಕೆ ಮುಂದೆ ಬರುತ್ತೇವೆ. 'ವ' ಎಂದು ಬರೆದ ಕಡೆ ಸ್ಪ್ಯಾನಿಷ್ ಬಾಯಲ್ಲಿ 'ಬ'ಕ್ಕೆ ಹತ್ತಿರದ ಸದ್ದು ಬರುತ್ತದೆ. ಸ್ಪ್ಯಾನಿಷ್ ಕಾಗುಣಿತದಲ್ಲಿ ಅಲ್ಲಿ ಕೆಲವು ಕಡೆ v, ಕೆಲವು ಕಡೆ b ಇರುತ್ತದೆ.

ಈಗ ರೂಪ ಕಟ್ಟುವ ಕೆಲಸ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಪುಟಗಟ್ಟಲೆ ಕೋಷ್ಟಕ ಇರುತ್ತದೆ. ಅದನ್ನು ಬಾಯಿಪಾಠ ಮಾಡುವುದು ದಂಡ ಅಂತಲೇ ನಮ್ಮ ಅಭಿಪ್ರಾಯ. ಇಡೀ ಸ್ಪ್ಯಾನಿಷ್‌ನಲ್ಲಿ ಒಂದೂ ಅಪವಾದ ಇಲ್ಲದ ನಿಯಮ ಇಲ್ಲಿದೆ: ಪ್ರೆಟೆರಿಟ್ ಎಂಬ ಮುಗಿದ ಭೂತಕಾಲದಲ್ಲಿ 'ಅವರು' ರೂಪ ಯಾವುದೋ, ಅದರ ಕೊನೆಯ 'ರೊನ್' ತೆಗೆಯಿರಿ, ಉಳಿದದ್ದೇ ಬುಡ. ಆ ಬುಡಕ್ಕೆ ರ, ರಸ್, ರ, ರಮೊಸ್, ರಯ್ಸ್, ರನ್ ಸೇರಿಸಿ. ಕೊನೆಗೆ ಮುಂದುಗಡೆ ಸರ್ವನಾಮ ಇಡಿ: ಮೆ, ತೆ, ಸೆ, ನೊಸ್, ಒಸ್, ಸೆ.

'ಲೆವಂತಾರ್ಸೆ' (ಏಳು) ತೆಗೆದುಕೊಂಡರೆ, ಮೊದಲು ಕೊನೆಯ 'ಸೆ'ಯನ್ನು ಬದಿಗಿಡಿ. ಅವರು ಎದ್ದರು ಅನ್ನಲು 'ಸೆ ಲೆವಂತಾರೊನ್'. 'ರೊನ್' ಹೋದರೆ ಉಳಿಯುವುದು 'ಲೆವಂತಾ'. ಅಲ್ಲಿಂದ ಆರು ರೂಪ:

ನಾನು: ಮೆ ಲೆವಂತಾರ
ನೀನು: ತೆ ಲೆವಂತಾರಸ್
ಅವನು, ಅವಳು, ತಾವು: ಸೆ ಲೆವಂತಾರ
ನಾವು: ನೊಸ್ ಲೆವಂತಾರಮೊಸ್
ನೀವೆಲ್ಲ (ಸ್ಪೇನ್‌ನಲ್ಲಿ): ಒಸ್ ಲೆವಂತಾರಯ್ಸ್
ಅವರು, ತಾವೆಲ್ಲ: ಸೆ ಲೆವಂತಾರನ್

'ನಾನು' ರೂಪವೂ 'ಅವನು' ರೂಪವೂ ಒಂದೇ 'ಲೆವಂತಾರ' ಆಗಿರುವುದನ್ನು ಗಮನಿಸಿ. ಸಾಮಾನ್ಯ ಕ್ರಿಯಾಪದಗಳಲ್ಲಿ ಇದು ಗೊಂದಲ ಮಾಡುತ್ತದೆ. 'ಕೆರೀಅ ಕೆ ಕಂತಾರ' ಅಂದರೆ ಹಾಡಬೇಕಾದವರು ನಾನೋ ಅವಳೋ ತಿಳಿಯದು; 'ಯೊ' (ನಾನು) ಅಥವಾ 'ಏಯ' (ಅವಳು) ಸೇರಿಸಿ ಬಿಡಿಸಿ ಹೇಳಬೇಕಾಗುತ್ತದೆ. ರಿಫ್ಲೆಕ್ಸಿವ್ ಕ್ರಿಯಾಪದದಲ್ಲಿ 'ಮೆ' ಮತ್ತು 'ಸೆ' ಆ ಕೆಲಸವನ್ನು ತಾವೇ ಮಾಡುತ್ತವೆ. ಹಾಗಾಗಿ ಸರ್ವನಾಮವನ್ನು ಹೆಚ್ಚುವರಿ ಹೊರೆ ಅಂದುಕೊಳ್ಳಬೇಡಿ. ಈ ಕಾಲರೂಪದಲ್ಲಿ ಕರ್ತೃ ಯಾರೆಂದು ಹೇಳುವ ಭಾರ ಬಹುಪಾಲು ಅದರ ಮೇಲೇ ಇದೆ.

ತಪ್ಪುಗಳು ಹುಟ್ಟುವುದು ಬುಡದಲ್ಲಿ, ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಕಲಿಯುವವರ ತಲೆಯಲ್ಲಿ ವರ್ತಮಾನಕಾಲ ಗಟ್ಟಿಯಾಗಿ ಕೂತಿರುತ್ತದೆ. ನಾನು ಮಲಗುತ್ತೇನೆ ಅನ್ನಲು 'ಮೆ ಅಕ್ವೇಸ್ತೊ'. ಆ 'ಕ್ವೇ'ಯನ್ನು ಹಿಡಿದು 'ಮೆ ಅಕ್ವೆಸ್ತಾರ' ಎಂದುಬಿಡುತ್ತಾರೆ. ತಪ್ಪು. ಅವರು ಮಲಗಿದರು ಅನ್ನುವುದು 'ಸೆ ಅಕೊಸ್ತಾರೊನ್', ಆದ್ದರಿಂದ 'ಮೆ ಅಕೊಸ್ತಾರ'. ವರ್ತಮಾನದಲ್ಲಿ ಸ್ವರ ಒಡೆಯುವುದು (ಒ ಇದ್ದದ್ದು 'ವೇ', ಎ ಇದ್ದದ್ದು 'ಯೇ' ಆಗುವುದು) ಒತ್ತು ಆ ಸ್ವರದ ಮೇಲೆ ಬಿದ್ದಾಗ ಮಾತ್ರ. ಇಂಪರ್ಫೆಕ್ಟ್ ಸಬ್‌ಜಂಕ್ಟಿವ್‌ನ ಆರೂ ರೂಪಗಳಲ್ಲಿ ಒತ್ತು ಮುಂದಕ್ಕೆ ಸರಿದಿರುತ್ತದೆ, ಹಾಗಾಗಿ ಒಡೆಯಲು ಕಾರಣವೇ ಇಲ್ಲ. 'ಮೆ ದೆಸ್ಪ್ಯೇರ್ತೊ' ಇದ್ದದ್ದು 'ಮೆ ದೆಸ್ಪೆರ್ತಾರ' ಆಗುತ್ತದೆ. 'ಮೆ ಅಕ್ವೇರ್ದೊ' ಇದ್ದದ್ದು 'ಮೆ ಅಕೊರ್ದಾರ'. 'ಮೆ ಮ್ವೇವೊ' ಇದ್ದದ್ದು 'ಮೆ ಮೊವ್ಯೇರ'. ಮೂಲರೂಪ 'ಆರ್' ಅಥವಾ 'ಏರ್' ಎಂದು ಮುಗಿಯುವ ಸ್ವರಬದಲಿನ ಕ್ರಿಯಾಪದಗಳು ಹೀಗೇ; 'ಪೊದೇರ್', 'ಕೆರೇರ್' ಥರ ಪ್ರೆಟೆರಿಟ್ ಅಕ್ರಮವಾಗಿರುವವು ಮಾತ್ರ ಬೇರೆ.

'ಈರ್' ಎಂದು ಮುಗಿಯುವವು ಬೇರೆ ಜಾತಿ. ಇವುಗಳ ಪ್ರೆಟೆರಿಟ್‌ನಲ್ಲಿ 'ನಾನು' ರೂಪ ಸಾದಾ ಇದ್ದು, 'ಅವನು' ಮತ್ತು 'ಅವರು' ರೂಪಗಳಲ್ಲಿ ಮಾತ್ರ ಎ ಇದ್ದದ್ದು ಇ ಆಗುತ್ತದೆ, ಒ ಇದ್ದದ್ದು ಉ ಆಗುತ್ತದೆ. ನಾನು ನಿದ್ದೆಹೋದೆ: 'ಮೆ ದೊರ್ಮೀ'. ಅವರು ನಿದ್ದೆಹೋದರು: 'ಸೆ ದುರ್ಮ್ಯೇರೊನ್'. ಬುಡ 'ಅವರು' ರೂಪದಿಂದ ಬರಬೇಕಾದ್ದರಿಂದ 'ಮೆ ದುರ್ಮ್ಯೇರ', 'ನೊಸ್ ದುರ್ಮ್ಯೇರಮೊಸ್'. 'ಮೆ ದೊರ್ಮ್ಯೇರ' ಅನ್ನುವುದು 'ನಾನು' ರೂಪದಿಂದ ಶುರು ಮಾಡಿದವರ ತಪ್ಪು, ತರಗತಿಗಳಲ್ಲಿ ಬಹಳ ಸಾಮಾನ್ಯ. ಈ ಬದಲಾವಣೆಗೆ ಕಾರಣ ಮುಂದಿರುವ ಯ ಸದ್ದು. 'ಮ್ಯೇ', 'ತ್ಯೇ' ಅನ್ನಲು ನಾಲಿಗೆ ಮೇಲೇರುವಾಗ ಹಿಂದಿನ ಸ್ವರವೂ ಅದರ ಜೊತೆ ಮೇಲೆ ಸರಿಯಿತು. ನಮ್ಮ ರೂಪದಲ್ಲಿ ಆ ಯ ಸದ್ದು ಆರೂ ಕಡೆ ಇರುವುದರಿಂದ ಬದಲಾವಣೆಯೂ ಆರೂ ಕಡೆ ಇರುತ್ತದೆ. 'ವೆಸ್ತೀರ್ಸೆ' (ಬಟ್ಟೆ ಹಾಕಿಕೊ) 'ಮೆ ವಿಸ್ತ್ಯೇರ' ಆಗುತ್ತದೆ, 'ದೆಸ್ಪೆದೀರ್ಸೆ' (ಬರ್ತೀನಿ ಅಂತ ಹೇಳಿ ಹೊರಡು) 'ಮೆ ದೆಸ್ಪಿದ್ಯೇರ', 'ದಿವೆರ್ತೀರ್ಸೆ' (ಖುಷಿಪಡು) 'ಮೆ ದಿವಿರ್ತ್ಯೇರ', 'ಅರ್ರೆಪೆಂತೀರ್ಸೆ' (ಪಶ್ಚಾತ್ತಾಪಪಡು) 'ಮೆ ಅರ್ರೆಪಿಂತ್ಯೇರ'.

ಈ ಎರಡು ಜಾತಿಗಳ ವ್ಯತ್ಯಾಸ ಒಂದೇ ಜೋಡಿಯಲ್ಲಿ ಸ್ವಚ್ಛವಾಗಿ ಕಾಣುತ್ತದೆ. 'ಸೆಂತಾರ್ಸೆ' ಅಂದರೆ ಕೂತುಕೊಳ್ಳುವುದು, 'ಸೆಂತೀರ್ಸೆ' ಅಂದರೆ ಹೇಗೋ ಅನಿಸುವುದು, ಮೈ ಮನಸ್ಸಿಗೆ ಆಗುವ ಅನುಭವ. ವರ್ತಮಾನದಲ್ಲಿ 'ನಾನು' ರೂಪ ಎರಡಕ್ಕೂ ಒಂದೇ: 'ಮೆ ಸ್ಯೇಂತೊ'. ಕೂರುತ್ತಿದ್ದೇನೋ, ಏನೋ ಅನಿಸುತ್ತಿದೆಯೋ ಅನ್ನುವುದನ್ನು ಮುಂದಿನ ಪದ ನೋಡಿ ತಿಳಿಯಬೇಕು. ಇಂಪರ್ಫೆಕ್ಟ್ ಸಬ್‌ಜಂಕ್ಟಿವ್‌ಗೆ ಬಂದರೆ ದಾರಿ ಪೂರ್ತಿ ಬೇರೆಯಾಗುತ್ತದೆ. 'ಸೆಂತಾರೊನ್' ಇಂದ 'ಮೆ ಸೆಂತಾರ', 'ಸಿಂತ್ಯೇರೊನ್' ಇಂದ 'ಮೆ ಸಿಂತ್ಯೇರ'. 'ಲೆ ಪೆದೀ ಕೆ ಸೆ ಸೆಂತಾರ' ಅಂದರೆ ಕೂತುಕೊಳ್ಳಿ ಅಂತ ಅವರನ್ನು ಕೇಳಿಕೊಂಡೆ. 'ಕೆರೀಅ ಕೆ ಸೆ ಸಿಂತ್ಯೇರ ಬ್ಯೇನ್' ಅಂದರೆ ಅವರಿಗೆ ಹಿತ ಅನಿಸಲಿ ಅಂತ ಬಯಸಿದೆ. ಇಲ್ಲಿ ಸ್ವರ ತಪ್ಪಿದರೆ ವ್ಯಾಕರಣದ ಜೊತೆ ಅರ್ಥವೂ ಹೋಯಿತು.

ಪೂರ್ತಿ ಅಕ್ರಮ ರೂಪಗಳಿಗೆ ಹೆಚ್ಚು ಹೇಳುವುದಿಲ್ಲ. ಪ್ರೆಟೆರಿಟ್ ಗೊತ್ತಿದ್ದವರಿಗೆ ಇಲ್ಲಿ ಹೊಸದೇನೂ ಇಲ್ಲ. 'ಪೊನೇರ್ಸೆ' (ಹಾಕಿಕೊ) ಪುಸ್ಯೇರೊನ್, ಮೆ ಪುಸ್ಯೇರ. 'ದೆತೆನೇರ್ಸೆ' (ನಿಲ್ಲು, ತಡೆದುಕೊ) ದೆತುವ್ಯೇರೊನ್, ಮೆ ದೆತುವ್ಯೇರ. 'ದೆತೆನ್ಯೇರ' ಅನ್ನುವವರು 'ತೆನೇರ್' (ಹೊಂದಿರು) ಈ ಪದದೊಳಗೇ ಕೂತಿರುವುದನ್ನು ಮರೆತವರು. 'ಅಸೇರ್ಸೆ' (ಆಗು) ಇಸ್ಯೇರೊನ್, ಮೆ ಇಸ್ಯೇರ. 'ಕಏರ್ಸೆ' (ಬೀಳು) ಕಯೇರೊನ್, ಮೆ ಕಯೇರ. 'ದಾರ್ಸೆ ಕ್ವೇಂತ' (ಗಮನಕ್ಕೆ ಬರು) ದ್ಯೇರೊನ್, ಮೆ ದ್ಯೇರ ಕ್ವೇಂತ; 'ದಾರ್' ನೋಡಲು 'ಆರ್' ಗುಂಪಿನದಾದರೂ ಇಲ್ಲಿ 'ದಾರ' ಆಗುವುದಿಲ್ಲ. 'ತ್ರಏರ್ಸೆ' (ಜೊತೆಗೆ ತಂದುಕೊ) ತ್ರಹೇರೊನ್, ಮೆ ತ್ರಹೇರ. ಆ ಹಕಾರದ ನಂತರ ಯ ಸದ್ದು ಬಾರದು, 'ತ್ರಹ್ಯೇರ' ಅನ್ನಬಾರದು.

'ಈರ್ಸೆ' (ಹೊರಟುಹೋಗು) ಮಾತ್ರ ಇನ್ನೊಂದು ಮಾತು ಬೇಡುತ್ತದೆ. 'ಈರ್' (ಹೋಗು) ಮತ್ತು 'ಸೇರ್' (ಇರು, ಆಗಿರು) ಎರಡರ ಪ್ರೆಟೆರಿಟ್ ಒಂದೇ, 'ಫ್ವೇರೊನ್'. ಹಾಗಾಗಿ 'ಫ್ವೇರ' ಎರಡಕ್ಕೂ ಸಲ್ಲುತ್ತದೆ. 'ಮೆ' ಇದ್ದರೆ 'ಈರ್ಸೆ'ಯೇ ಎಂದು ತೀರ್ಮಾನಿಸಿಬಿಡುವುದು ವಾಡಿಕೆ. 'ಸಿ ಮೆ ಫ್ವೇರ' ಅಂದರೆ ನಾನು ಹೊರಟುಹೋದರೆ, ಸರಿ. ಆದರೆ 'ಸಿ ಮೆ ಫ್ವೇರ ಪೊಸೀವ್ಲೆ' ಅಂದರೆ ನನಗೆ ಸಾಧ್ಯವಿದ್ದರೆ. ಅಲ್ಲಿ ಕ್ರಿಯಾಪದ 'ಸೇರ್', 'ಮೆ' ಎಂದರೆ 'ನನಗೆ'. ರಿಫ್ಲೆಕ್ಸಿವ್ ಅಲ್ಲವೇ ಅಲ್ಲ. ಮೊದಲ ವಾಕ್ಯದ 'ಕೆ ಮೆ ಲೆವಂತಾರ' ಕೂಡ ಸಂದರ್ಭ ಬೇರೆಯಿದ್ದರೆ 'ಅವನು ನನ್ನನ್ನು ಎತ್ತಲಿ' ಎಂದಾದೀತು. ಕರ್ತೃವೂ ಸರ್ವನಾಮವೂ ಒಂದೇ ವ್ಯಕ್ತಿಯನ್ನು ತೋರಿಸುತ್ತಿವೆಯೇ ಅನ್ನುವುದೇ ಪರೀಕ್ಷೆ.

ಸರ್ವನಾಮ ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ಉತ್ತರ ಚಿಕ್ಕದು: ಕ್ರಿಯಾಪದದ ಮುಂದುಗಡೆ, ಬಿಡಿಯಾಗಿ, ಯಾವಾಗಲೂ. ಮೂಲರೂಪಕ್ಕೆ ('ಲೆವಂತಾರ್ಸೆ'), 'ಆಂದೊ' ರೂಪಕ್ಕೆ ('ಲೆವಂತಾಂದೊಸೆ', ಏಳುತ್ತಾ), 'ನೊ' ಇಲ್ಲದ ಆಜ್ಞೆಗೆ ('ಲೆವಾಂತತೆ') ಅದು ಹಿಂದೆ ಅಂಟುತ್ತದೆ. ನಮ್ಮ ರೂಪಕ್ಕೆ ಅಂಟುವುದಿಲ್ಲ. ಹಳೆಯ ಬರಹಗಳಲ್ಲಿ ಅಂಟಿದ ರೂಪ ಕಂಡರೆ ಓದಿ ಅರ್ಥ ಮಾಡಿಕೊಳ್ಳಿ, ಬರೆಯಬೇಡಿ. ನಿಷೇಧದ 'ನೊ' ಇದ್ದರೆ ಅದು ಸರ್ವನಾಮಕ್ಕೂ ಮುಂದೆ: 'ಕೆ ನೊ ಸೆ ಫ್ವೇರ'. 'ಏಳೋಣ' ಎಂಬ ಅರ್ಥದ ಆಜ್ಞೆಯಲ್ಲಿ 'ಲೆವಂತೇಮೊನೊಸ್' ಎಂದು ಒಂದು ಸಕಾರ ಬಿದ್ದುಹೋಗುವುದನ್ನು ಕಲಿತವರು ಇಲ್ಲೂ ಅದನ್ನು ಬೀಳಿಸುತ್ತಾರೆ. 'ನೊಸ್ ಲೆವಂತಾರಮೊಸ್'ನಲ್ಲಿ ಎರಡೂ ಸಕಾರ ಉಳಿಯಬೇಕು.

ಎರಡು ಕ್ರಿಯಾಪದ ಸೇರಿದಾಗ ಆಯ್ಕೆ ಇದೆ. ನಾನು ಏಳಲು ಸಾಧ್ಯವಾದರೆ: 'ಸಿ ಪುದ್ಯೇರ ಲೆವಂತಾರ್ಮೆ' ಅಥವಾ 'ಸಿ ಮೆ ಪುದ್ಯೇರ ಲೆವಂತಾರ್'. ಎರಡೂ ಸರಿ, ಎರಡೂ ಕಡೆ ಒಟ್ಟಿಗೆ ಹಾಕುವುದು ತಪ್ಪು. ಇದಕ್ಕಿಂತ ಹೆಚ್ಚು ಕಾಣುವ ತಪ್ಪೆಂದರೆ ನಿಘಂಟಿನಲ್ಲಿದ್ದ ಹಾಗೇ 'ಲೆವಂತಾರ್ಸೆ' ಬಿಟ್ಟುಬಿಡುವುದು. 'ಸಿ ಪುದ್ಯೇರ ಲೆವಂತಾರ್ಸೆ' ಅಂದರೆ ಏಳುವವನು ಅವನು, ನಾನಲ್ಲ.

ಸಂಯುಕ್ತ ರೂಪದಲ್ಲಿ, ಅಂದರೆ 'ಎದ್ದಿದ್ದಿದ್ದರೆ' ಅನ್ನುವ ಅರ್ಥದಲ್ಲಿ, 'ಮೆ ಉವ್ಯೇರ ಲೆವಂತಾದೊ'. ಬದಲಾಗುವುದು ನಡುವಿನ 'ಉವ್ಯೇರ' ಮಾತ್ರ. ನಾವು ಎಂದಾಗಲೂ 'ನೊಸ್ ಉವ್ಯೇರಮೊಸ್ ಲೆವಂತಾದೊ'. ಕೊನೆಗೆ ಬಹುವಚನದ ಸಕಾರ ಹಾಕಬಾರದು.

ಒತ್ತಿನ ಮಾತಿಗೆ ಬರುತ್ತೇವೆಂದು ಹೇಳಿದ್ದೆವು. 'ಸೆ ಲೆವಂತಾರ' ಎಂದರೆ 'ಅವಳು ಏಳಲಿ ಎಂದು' ಅಥವಾ 'ಎದ್ದರೆ'. 'ಸೆ ಲೆವಂತರಾ' ಎಂದರೆ 'ಅವಳು ಏಳುವಳು', ಭವಿಷ್ಯತ್ಕಾಲ. 'ಸೆ ಲೆವಂತರೀಅ' ಎಂದರೆ 'ಏಳುತ್ತಿದ್ದಳು', ಷರತ್ತಿನ ಫಲ. ಬರೆಯುವಾಗ ಮೊದಲನೆಯದಕ್ಕೆ ಒತ್ತುಗುರುತು ಬೇಡ, ಉಳಿದೆರಡಕ್ಕೆ ಬೇಕು. 'ನೊಸ್ ಲೆವಂತಾರಮೊಸ್'ಗೆ ಗುರುತು ಬೇಕೇ ಬೇಕು, ಒತ್ತು ಕೊನೆಯಿಂದ ಮೂರನೆಯ ಅಕ್ಷರದ ಮೇಲಿದೆಯಲ್ಲ, ಅದಕ್ಕೆ. ಪರೀಕ್ಷೆಯಲ್ಲಿ ಕಳೆದುಹೋಗುವ ಅಂಕಗಳಲ್ಲಿ ಇದರ ಪಾಲು ದೊಡ್ಡದು. ಓದುವಾಗ ಕೂಡ ಕನ್ನಡದವರು ಎಲ್ಲ ಅಕ್ಷರವನ್ನೂ ಸಮವಾಗಿ ಉಚ್ಚರಿಸುತ್ತೇವೆ. ಆಗ ಕೇಳುವವರಿಗೆ ಭವಿಷ್ಯವೋ ಆಸೆಯೋ ತಿಳಿಯದು. ಒತ್ತಿನ ಸ್ವರವನ್ನು ಇಲ್ಲಿ ಬರೆದ ಹಾಗೆ ತುಸು ಎಳೆದು ಹೇಳಿದರೆ ಸಾಕು.

ಇನ್ನು ಇದನ್ನು ಎಲ್ಲಿ ಬಳಸುವುದು? ಮುಖ್ಯ ಕ್ರಿಯಾಪದ ಭೂತಕಾಲದಲ್ಲೋ 'ರೀಅ' ರೂಪದಲ್ಲೋ ಇದ್ದು, ಅದರ ಅರ್ಥ ಆಸೆ, ಕೋರಿಕೆ, ಅನುಮಾನ, ಭಯ ಆಗಿದ್ದರೆ, ಮತ್ತು ಎರಡು ಕ್ರಿಯೆಗಳ ಕರ್ತೃಗಳು ಬೇರೆಯಾಗಿದ್ದರೆ. 'ಮೆ ಗುಸ್ತರೀಅ ಕೆ ತೆ ಕೆದಾರಸ್': ನೀನು ಉಳಿದುಕೊಂಡರೆ ನನಗೆ ಸಂತೋಷ. ಕರ್ತೃ ಒಬ್ಬನೇ ಆದರೆ ಸಬ್‌ಜಂಕ್ಟಿವ್ ಬೇಡ, 'ಕೆರೀಅ ಲೆವಂತಾರ್ಮೆ' ಸಾಕು. 'ಆಂತೆಸ್ ದೆ ಕೆ' (ಮುಂಚೆ), 'ಪಾರ ಕೆ' (ಆಗಲೆಂದು), 'ಕೋಮೊ ಸಿ' (ಎನ್ನುವ ಹಾಗೆ) ಮುಂತಾದವುಗಳ ನಂತರವೂ ಇದು ಬರುತ್ತದೆ. 'ಕೋಮೊ ಸಿ' ಆದ ಮೇಲೆ ಮುಖ್ಯ ವಾಕ್ಯ ವರ್ತಮಾನದಲ್ಲಿದ್ದರೂ ಇದೇ ರೂಪ: 'ಆವ್ಲ ಕೋಮೊ ಸಿ ನೊ ಸೆ ದ್ಯೇರ ಕ್ವೇಂತ', ಗಮನಕ್ಕೇ ಬಾರದವನ ಹಾಗೆ ಮಾತಾಡುತ್ತಾನೆ.

ಹೆಚ್ಚು ಎಡವುವುದು ಷರತ್ತು ಹೇಳುವ 'ಸಿ' ವಾಕ್ಯದಲ್ಲಿ. ಕನ್ನಡದಲ್ಲಿ 'ಬೇಗ ಎದ್ದರೆ ಹೋಗುತ್ತೇನೆ', 'ಬೇಗ ಎದ್ದರೆ ಹೋಗಬಹುದಿತ್ತು' ಎರಡರಲ್ಲೂ 'ಎದ್ದರೆ' ಒಂದೇ. ಆಗುವ ಮಾತೋ ಆಗದ ಮಾತೋ ಅನ್ನುವುದನ್ನು ಕೊನೆಯ ಕ್ರಿಯಾಪದ ಹೇಳುತ್ತದೆ. ಹೀಗಾಗಿ ನಮ್ಮವರು 'ಸಿ ಮೆ ಲೆವಾಂತೊ ತೆಂಪ್ರಾನೊ, ಇರೀಅ' ಎಂದು ಕೊನೆಯದನ್ನು ಮಾತ್ರ ಬದಲಿಸಿ ಸುಮ್ಮನಾಗುತ್ತಾರೆ. ಸ್ಪ್ಯಾನಿಷ್ ಎರಡೂ ಕಡೆ ಬದಲಾವಣೆ ಕೇಳುತ್ತದೆ. ಆಗಬಹುದಾದದ್ದು: 'ಸಿ ಮೆ ಲೆವಾಂತೊ ತೆಂಪ್ರಾನೊ, ವೋಯ್'. ಆಗುವ ಭರವಸೆ ಕಡಿಮೆ ಇರುವುದು: 'ಸಿ ಮೆ ಲೆವಂತಾರ ತೆಂಪ್ರಾನೊ, ಇರೀಅ'. ಆಗಿಹೋಗಿ ಕೈತಪ್ಪಿದ್ದು: 'ಸಿ ಮೆ ಉವ್ಯೇರ ಲೆವಂತಾದೊ ತೆಂಪ್ರಾನೊ, ಅವ್ರೀಅ ಈದೊ'. ಭೂತಕಾಲದ 'ಸಿ' ಕಂಡ ಕೂಡಲೇ ಸಬ್‌ಜಂಕ್ಟಿವ್ ಹಾಕುವುದೂ ಬೇಡ. ನಿಜವಾಗಿ ನಡೆಯುತ್ತಿದ್ದ ರೂಢಿಯಾದರೆ ಸಾದಾ ಇಂಪರ್ಫೆಕ್ಟ್: 'ಸಿ ಮೆ ಲೆವಂತಾವ ತೆಂಪ್ರಾನೊ, ಮಿ ಅವ್ವೇಲ ಮೆ ದಾವ ಕಫೇ', ಬೇಗ ಎದ್ದರೆ ಅಜ್ಜಿ ಕಾಫಿ ಕೊಡುತ್ತಿದ್ದಳು.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸಿದೆ.

'ರ' ಬದಲು 'ಸೆ' ಇರುವ ರೂಪ ಕಂಡರೆ? ಅದೂ ಇದೇ ಕಾಲರೂಪ. ಬುಡ ಅದೇ, ಬಾಲ ಮಾತ್ರ ಸೆ, ಸೆಸ್, ಸೆ, ಸೆಮೊಸ್, ಸೆಯ್ಸ್, ಸೆನ್. 'ರ' ಬಂದದ್ದು ಲ್ಯಾಟಿನ್‌ನ 'ಅಮಾವೆರಂ' ಮಾದರಿಯಿಂದ, 'ಸೆ' ಬಂದದ್ದು 'ಅಮಾವಿಸ್ಸೆಂ' ಮಾದರಿಯಿಂದ. ಹೀಗೆ ಎರಡು ಬೇರಿನವು ಒಂದೇ ಕೆಲಸಕ್ಕೆ ಬಂದು ಸೇರಿವೆ. ಲ್ಯಾಟಿನ್ ಅಮೆರಿಕದ ಮಾತಿನಲ್ಲಿ 'ರ' ಪ್ರಾಬಲ್ಯ, ಸ್ಪೇನ್‌ನಲ್ಲಿ 'ಸೆ'ಯೂ ಕೇಳಿಸುತ್ತದೆ. ರಿಫ್ಲೆಕ್ಸಿವ್‌ನಲ್ಲಿ ಇದು ಕಣ್ಣಿಗೆ ಮೋಸ ಮಾಡುತ್ತದೆ: 'ಸಿ ಸೆ ಲೆವಂತಾಸೆ' ಎಂಬಲ್ಲಿ ಮೊದಲ 'ಸೆ' ಸರ್ವನಾಮ, ಕೊನೆಯ 'ಸೆ' ಬಾಲ. ಮೂಲರೂಪ 'ಲೆವಂತಾರ್ಸೆ'ಗೂ ಇದಕ್ಕೂ ನಡುವೆ ಇರುವುದು ಒಂದು ರಕಾರ ಅಷ್ಟೇ. ಬರೆಯಲು 'ರ' ಒಂದನ್ನೇ ಇಟ್ಟುಕೊಳ್ಳಿ, 'ಸೆ'ಯನ್ನು ಓದಲು ಕಲಿಯಿರಿ. ಸೌಜನ್ಯದ 'ಕಿಸ್ಯೇರ ಈರ್ಮೆ' (ಹೊರಡಬೇಕಿತ್ತು) ಎಂಬಲ್ಲಿ ಹೇಗೂ 'ರ'ವೇ ರೂಢಿ.

ಸ್ಪೇನ್‌ನವರೇ 'ಸಿ ಮೆ ಲೆವಂತರೀಅ' ಅನ್ನುವುದು ಕೇಳಿದ್ದೇವಲ್ಲ? ಹೌದು, ಬಾಸ್ಕ್ ಪ್ರದೇಶ, ಬುರ್ಗೋಸ್, ಲಾ ರಿಯೋಹ ಮುಂತಾದ ಉತ್ತರದ ಕಡೆಯ ಆಡುಮಾತಿನಲ್ಲಿ ಇದೆ. ಅಲ್ಲಿಯ ಮಾತಿನ ಗುಣ ಅದು. ಶಿಷ್ಟ ಬರವಣಿಗೆಯಲ್ಲಿ ಒಪ್ಪುವುದಿಲ್ಲ. ಅರ್ಜೆಂಟೀನಾದಲ್ಲಿ 'ನೀನು' ಅನ್ನಲು ಬಳಸುವ 'ವೊಸ್' ಬಗ್ಗೆ ಕೇಳಿದವರಿಗೆ: ವರ್ತಮಾನದಲ್ಲಿ ಅವರ ರೂಪ ಬೇರೆ, 'ತೆ ಲೆವಂತಾಸ್', ನಮ್ಮ ಈ ರೂಪದಲ್ಲಿ ವ್ಯತ್ಯಾಸವಿಲ್ಲ, 'ತೆ ಲೆವಂತಾರಸ್' ಎಂದೇ.

'ಸೆ ಮೆ' ಎಂದು ಎರಡೆರಡು ಸರ್ವನಾಮ ಬಂದರೆ? ಬೇಕೆಂದು ಮಾಡದೆ ಕೈಯಿಂದ ಆಗಿಹೋದ ಸಂಗತಿಗೆ ಅದು. ಕನ್ನಡದಲ್ಲಿ 'ನನಗೆ ಮರೆತುಹೋಯ್ತು' ಎಂದು ನಮ್ಮನ್ನು ಪಕ್ಕಕ್ಕೆ ಸರಿಸಿ ಹೇಳುತ್ತೇವಲ್ಲ, ಆ ಧಾಟಿ. 'ತೆಮೀಅ ಕೆ ಸೆ ಮೆ ಕಯೇರ ಎಲ್ ವಾಸೊ': ಲೋಟ ಎಲ್ಲಿ ನನ್ನ ಕೈಯಿಂದ ಬಿದ್ದೀತೋ ಅಂತ ಭಯವಿತ್ತು. ಇಲ್ಲಿ ಬಾಲ ಹೊಂದುವುದು ನನ್ನ ಜೊತೆಗಲ್ಲ, ಬೀಳುವ ವಸ್ತುವಿನ ಜೊತೆಗೆ. ಲೋಟದ ಬದಲು ತಟ್ಟೆಗಳಾದರೆ 'ಸೆ ಮೆ ಕಯೇರನ್ ಲೊಸ್ ಪ್ಲಾತೊಸ್'. ನನ್ನ ಬದಲು ನೀನಾದರೆ 'ಸೆ ತೆ ಕಯೇರನ್', ಬಾಲ ಕದಲುವುದಿಲ್ಲ. 'ಸೆ' ಯಾವಾಗಲೂ ಮೊದಲು ನಿಲ್ಲುತ್ತದೆ, 'ಮೆ ಸೆ' ಎಂದು ತಿರುಗಿಸಬಾರದು.